ನಾಯಿಗೆ ಕ್ಯಾನ್ಸರ್, ಆದ್ರೆ ಇನ್ನೂ ಊಟ ಮಾಡ್ತಿದೆ. ಇಂಜೆಕ್ಷನ್ ಕೊಡಿಸಿ ಕಳಿಸೋದು ಪಾಪ ಅಲ್ವಾ?

ಊಟ ಮಾಡ್ತಿದೆ ಅನ್ನೋದನ್ನ ಲೆಕ್ಕಕ್ಕೆ ಹಿಡೀಬೇಡಿ. ನಾನು ಹಿಡಿದು ಕೆಟ್ಟೆ.

ನಮ್ಮ ಕೆಂಚನಿಗೆ ಆಗಿದ್ದು ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳು ಊದಿ ಗಂಟಾಗೋ ಕ್ಯಾನ್ಸರ್. ಧಾರವಾಡದ ಸಪ್ತಾಪುರದಲ್ಲಿ ನಮ್ಮ ಮನೆ. ಬೀದಿಯಿಂದ ಬಂದ ಮರಿ, ಅವ್ವನ ಕಾಲಕಾಲಲ್ಲೇ ಬೆಳೆದದ್ದು. ಒಂದು ದಿನ ಕೊರಳಪಟ್ಟಿ ಹಾಕುವಾಗ ದವಡೆ ಕೆಳಗೆ ಎರಡೂ ಕಡೆ ಗಂಟು ಕೈಗೆ ಹತ್ತಿದವು. ಒತ್ತಿದರೂ ನೋವಿಲ್ಲ. ಹಿಂಗಾಲಿನ ಮಂಡಿ ಹಿಂದೆಯೂ ಅಂಥವೇ. ಕೀಮೋ ನಮ್ಮ ಕೈಲಾಗೋದಲ್ಲ ಅಂದಾಗ ಡಾಕ್ಟರು ಪ್ರೆಡ್ನಿಸೋಲೋನ್ ಗುಳಿಗೆ ಬರೆದುಕೊಟ್ಟರು.

ನಾನು ಎಡವಿದ್ದು ಅಲ್ಲೇ. ಆ ಗುಳಿಗೆ ಸ್ಟಿರಾಯ್ಡ್. ಗಂಟು ಕರಗಿಸುತ್ತೆ, ಆದರೆ ಸ್ವಲ್ಪ ಕಾಲ ಮಾತ್ರ. ಜೊತೆಗೆ ಹಸಿವನ್ನೂ ನೀರಡಿಕೆಯನ್ನೂ ಜಾಸ್ತಿ ಮಾಡುತ್ತೆ. ಅಂದರೆ ಹಸಿವು ಗುಳಿಗೆಯದ್ದು, ನಾಯಿಯದ್ದಲ್ಲ. ಡಾಕ್ಟರು ಇದನ್ನೆಲ್ಲ ಹೇಳಿದ್ದರು. ನಾನು ಕೇಳಿಸಿಕೊಂಡದ್ದು "ಗಂಟು ಕರಗುತ್ತೆ" ಅನ್ನೋದಷ್ಟೇ. ಕೆಂಚ ಹಾಲಲ್ಲಿ ನೆನೆಸಿದ ರೊಟ್ಟಿ ತಿಂದು, ತಾಟು ನೆಕ್ಕಿ, ಮತ್ತೆ ಮುಖ ನೋಡೋನು. ನಾವು ಹುಷಾರಾದ ಅಂತ ಹಿಗ್ಗಿದೆವು.

ಗಂಟು ತಿರುಗಿ ಬಂದವು, ಮೊದಲಿಗಿಂತ ದೊಡ್ಡದಾಗಿ. ಇನ್ನು ಎಳೀಬೇಡಿ ಅಂದರು ಡಾಕ್ಟರು. "ಇನ್ನೂ ಉಣ್ಣಾಕತ್ತೈತಿ, ಹೆಂಗ ಕೊಲ್ಲಿಸ್ತೀಯೋ?" ಅಂದಳು ಅವ್ವ. ನನಗೂ ಆ ಮಾತೇ ಬೇಕಿತ್ತು. ಉಣ್ಣೋದು ಬಿಟ್ಟ ದಿನ ನೋಡೋಣ ಅಂತ ಗಡುವು ಹಾಕಿಕೊಂಡೆ. ದಿನಾ ಬೆಳಿಗ್ಗೆ ಪೇಡೆ ಚೂರು ಹಿಡಿದು ಪರೀಕ್ಷೆ. ತಿಂದರೆ ಇವತ್ತಲ್ಲ, ಅಷ್ಟೇ.

ರಾತ್ರಿ ನಡೆಯೋದು ಆ ಪರೀಕ್ಷೆಗೆ ಸಿಗುತ್ತಲೇ ಇರಲಿಲ್ಲ. ಮಲಗಿದರೆ ಗಂಟು ಉಸಿರಿಗೆ ಅಡ್ಡ ಬರೋವು. ಮುಂಗಾಲು ಅಗಲಿಸಿ, ಕೊರಳು ಚಾಚಿ, ಕೂತೇ ಇರೋನು. ತೂಕಡಿಸಿ ತಲೆ ಜೋತರೆ ಗೊರ್ ಅಂತ ಸದ್ದು, ಬೆಚ್ಚಿ ಮತ್ತೆ ನೆಟ್ಟಗೆ ಕೂರೋನು. ಕೊನೆಗೊಂದು ನಡುರಾತ್ರಿ ಉಸಿರೇ ಕಟ್ಟಿತು. ಯಾವ ಡಾಕ್ಟರೂ ಫೋನ್ ಎತ್ತಲಿಲ್ಲ. ನಸುಕಿನವರೆಗೂ ಒದ್ದಾಡಿ ಹೋದ. ಆ ಸಂಜೆಯೂ ರೊಟ್ಟಿ ತಿಂದಿದ್ದ.

ಪಾಪದ ಮಾತು ಕೇಳಿದಿರಿ. ನನ್ನ ಪ್ರಕಾರ ಪಾಪ ಅಂದರೆ ಆ ರಾತ್ರಿಯದ್ದು, ಇಂಜೆಕ್ಷನ್ನಿನದ್ದಲ್ಲ. ಗದಗದಲ್ಲಿ ನಮ್ಮ ಅಕ್ಕನ ಲ್ಯಾಬ್ರಡಾರ್ ನಾಯಿಗೆ ಇಂಜೆಕ್ಷನ್ ಕೊಡಿಸಿದಾಗ ನಾನೂ ಇದ್ದೆ. ಮೊದಲು ನಿದ್ದೆ ಬರೋ ಇಂಜೆಕ್ಷನ್. ಪೂರ್ತಿ ಮಂಪರಾದ ಮೇಲೆ ರಕ್ತನಾಳಕ್ಕೆ ಅರಿವಳಿಕೆ ಔಷಧ, ಆಪರೇಶನ್‌ಗೆ ಕೊಡೋದಕ್ಕಿಂತ ಎಷ್ಟೋ ಜಾಸ್ತಿ. ಕೆಲವೇ ನಿಮಿಷದಲ್ಲಿ ಮುಗೀತು. ಕಣ್ಣು ತೆರೆದೇ ಇರುತ್ತೆ, ಉಚ್ಚೆ ಹೋಗಬಹುದು, ಜೀವ ಹೋದ ಮೇಲೂ ಮೈ ಒಮ್ಮೆ ಅದುರಬಹುದು. ಮೊದಲೇ ಗೊತ್ತಿದ್ದರೆ ಗಾಬರಿ ಆಗಲ್ಲ. ಗುಂಡಿ ಮಾತ್ರ ಆಳವಾಗಿ ತೋಡಿಸಿ. ಆ ಔಷಧ ಮೈಯಲ್ಲೇ ಉಳಿಯುತ್ತೆ, ಬೇರೆ ನಾಯಿ ಕೆದರಿ ತಿಂದರೆ ಅದಕ್ಕೂ ಅಪಾಯ.

ಹೊಟ್ಟೆ ನೋಡೋದು ಬಿಟ್ಟು ಒಂದು ರಾತ್ರಿ ಅದರ ಪಕ್ಕ ಎದ್ದಿರಿ. ಕಾಲು ಚಾಚಿ ನಿದ್ದೆ ಮಾಡುತ್ತಾ, ಸುಮ್ನೆ ಕೂತಿರುತ್ತಾ ನೋಡಿ. ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿ, ಮನೆಗೇ ಬರ್ತೀರಾ, ರಾತ್ರಿ ತೊಂದರೆ ಆದರೆ ಯಾರು ಸಿಗ್ತಾರೆ ಅಂತ ಕೇಳಿ. ಎರಡನೇದಕ್ಕೆ ಉತ್ತರ ತಡವರಿಸಿದರೆ ಇನ್ನು ಕಾಯಬೇಡಿ.