ಹೊರರಾಜ್ಯದ ಆಸ್ಪತ್ರೆಯಲ್ಲಿ ಎಡವಟ್ಟು: ದೂರು ಎಲ್ಲಿ ಕೊಡಬೇಕು?

ಪ್ರಶ್ನೆ: ನಾವು ಬೀದರ್‌ನವರು. ಹೈದರಾಬಾದಿನ ಖಾಸಗಿ ಆಸ್ಪತ್ರೆಯಲ್ಲಿ ತಂದೆಗೆ ಪಿತ್ತಕೋಶ ತೆಗೆಯುವಾಗ ಪಿತ್ತನಾಳಕ್ಕೆ ಪೆಟ್ಟಾಗಿ, ಮತ್ತೆ ಆಪರೇಷನ್ ಮಾಡಿಸಬೇಕಾಯಿತು. ಬಿಲ್ 4 ಲಕ್ಷ ರೂ. ಆಗಿದೆ. 30 ಲಕ್ಷ ರೂ. ಪರಿಹಾರ ಕೇಳಬೇಕೆಂದಿದ್ದೇವೆ. ಅಲ್ಲಿಗೇ ಓಡಾಡಬೇಕೇ?

ಉತ್ತರ: ಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಪ್ರಕಾರ ದೂರುದಾರರು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು. 1986ರ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ದೂರು ತಂದೆಯ ಹೆಸರಲ್ಲಿರಲಿ, ಅವರ ಬೀದರ್ ವಿಳಾಸದ ದಾಖಲೆ ಜೊತೆಗಿರಲಿ.

ಯಾವ ಹಂತದ ಆಯೋಗ ಎಂಬುದು ಈಗ ನಿರ್ಧಾರವಾಗುವುದು ನೀವು ಕಟ್ಟಿದ ಹಣದ ಮೇಲೆ, ಕೇಳುವ ಪರಿಹಾರದ ಮೇಲಲ್ಲ. 50 ಲಕ್ಷದವರೆಗೆ ಜಿಲ್ಲಾ ಆಯೋಗವೇ ಸಾಕು. ಕಟ್ಟಿದ್ದು 5 ಲಕ್ಷ ದಾಟದಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಗಡುವು ಎರಡು ವರ್ಷ. ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬಹುದು, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ.

ನಿಜವಾದ ಕಷ್ಟ ಇರುವುದು ಪುರಾವೆಯಲ್ಲಿ. ಪಿತ್ತನಾಳಕ್ಕೆ ಪೆಟ್ಟಾಗುವುದು ಈ ಆಪರೇಷನ್ನಿನ ಗೊತ್ತಿರುವ ಅಪಾಯ. ಪೆಟ್ಟಾಯಿತು ಎಂದಷ್ಟೇ ಹೇಳಿದರೆ ಕೇಸು ನಿಲ್ಲುವುದಿಲ್ಲ. ನಾಳಗಳನ್ನು ಸರಿಯಾಗಿ ಗುರುತಿಸದೆ ಕತ್ತರಿಸಿದರೇ? ಡ್ರೈನ್‌ನಲ್ಲಿ (ಹೊಟ್ಟೆಯೊಳಗಿನ ದ್ರವ ಹೊರತರಲು ಇಡುವ ಕೊಳವೆ) ಪಿತ್ತರಸ ಬರುತ್ತಿದ್ದರೂ, ಕಣ್ಣು ಹಳದಿಯಾಗಿದ್ದರೂ ಸುಮ್ಮನಿದ್ದರೇ? ಉತ್ತರ ಡಿಸ್ಚಾರ್ಜ್ ಸಾರಾಂಶದಲ್ಲಿ ಸಿಗದು. ಆಪರೇಷನ್ ಟಿಪ್ಪಣಿ, ದಿನದಿನದ ಡ್ರೈನ್ ಅಳತೆ, ನರ್ಸಿಂಗ್ ಚಾರ್ಟ್, ಯಕೃತ್ ರಕ್ತಪರೀಕ್ಷೆಗಳು, ಒಪ್ಪಿಗೆ ಪತ್ರ ಇಷ್ಟನ್ನೂ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಂತೆ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಗಳ ದಾಖಲೆ ಇಟ್ಟುಕೊಳ್ಳುವ ಬಾಧ್ಯತೆ ಅವರಿಗೆ ಮೂರೇ ವರ್ಷ, ಆದ್ದರಿಂದ ಈ ಕೆಲಸ ಮೊದಲು ಮುಗಿಸಿ.

ಪ್ರತಿ ಪ್ರಕರಣದಲ್ಲೂ ತಜ್ಞರ ಅಭಿಪ್ರಾಯ ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ, ನಿಜ. ಹೊಟ್ಟೆಯೊಳಗೆ ಕತ್ತರಿ ಬಿಟ್ಟಂಥ ಪ್ರಕರಣಕ್ಕೆ ಅದು ಸರಿ. ನಿಮ್ಮದಕ್ಕೆ ಮಾತ್ರ ಬೇರೊಬ್ಬ ಸರ್ಜನ್‌ರ ಲಿಖಿತ ಅಭಿಪ್ರಾಯ ಇಲ್ಲದೆ ಹೋಗಬೇಡಿ.

ಇನ್ನು ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ತೆಲಂಗಾಣದ ಆಸ್ಪತ್ರೆಗೆ ಅನ್ವಯಿಸುವುದಿಲ್ಲ. ವೈದ್ಯರು ನೋಂದಾಯಿಸಿಕೊಂಡ ರಾಜ್ಯದ ವೈದ್ಯಕೀಯ ಮಂಡಳಿಗೆ ದೂರು ಕೊಡಬಹುದು, ಆದರೆ ಅದು ನೋಂದಣಿ ಅಮಾನತು ಮಾಡಬಲ್ಲದೇ ಹೊರತು ಪರಿಹಾರ ಕೊಡಿಸಲಾರದು.

ಪ್ರಶ್ನೆ: ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆ ಪಡೆದವರಿಗೂ ಗ್ರಾಹಕ ಆಯೋಗ ಉಂಟೇ?

ಉತ್ತರ: ಎಲ್ಲರಿಗೂ ಉಚಿತವಾದ ಆಸ್ಪತ್ರೆಯಾದರೆ ಇಲ್ಲ; ಹೆಸರಿಗೆ ಕಟ್ಟಿದ ನೋಂದಣಿ ಚೀಟಿಯ ಹಣ ಲೆಕ್ಕಕ್ಕೆ ಬಾರದು. ಕೆಲವರಿಂದ ಶುಲ್ಕ ಪಡೆಯುವ ಆಸ್ಪತ್ರೆಯಾದರೆ ಉಚಿತ ರೋಗಿಯೂ ಗ್ರಾಹಕನೇ. ಇದು 1995ರ ಸುಪ್ರೀಂ ಕೋರ್ಟ್ ತೀರ್ಪು. ಉಳಿದವರಿಗೆ ಸಿವಿಲ್ ದಾವೆಯ ದಾರಿಯಿದೆ. ರಾಜ್ಯದ ಕಾನೂನು ಜೇಬಿಗೆ ತಟ್ಟುವುದು ಇಲ್ಲಿ: ಕೋರ್ಟ್ ಶುಲ್ಕ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ, ಕರ್ನಾಟಕದಲ್ಲಿ 1958ರ ಕಾಯ್ದೆಯಂತೆ ಕೇಳುವ ಮೊತ್ತದ ಮೇಲೆ. ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿದರೆ ಉಚಿತ ವಕೀಲರ ನೆರವು ಸಿಗುತ್ತದೆ. ಕೋರ್ಟ್ ಶುಲ್ಕದ ನೆರವನ್ನೂ ಅದೇ ಅರ್ಜಿಯಲ್ಲಿ ಕೇಳಿ.