8 ಅಡಿ ಉದ್ದ, 4 ಅಡಿ ಅಗಲದ ಜಾಗದಲ್ಲಿ ಸಕಲೇಶಪುರ ಘಟ್ಟದ ಮಾದರಿ ರೈಲುಮಾರ್ಗ ಕಟ್ಟಬಹುದೆ?

ಕೋಣೆಯ ಮೂಲೆಯೊಂದರಲ್ಲಿ 8 ಅಡಿ ಉದ್ದ, 4 ಅಡಿ ಅಗಲದ ಜಾಗವಿದೆ, ಅಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ರೈಲುಮಾರ್ಗವನ್ನು ಹೋಲುವ ಮಾದರಿ ಕಟ್ಟಲು ಸಾಧ್ಯವೆ, ಹತ್ತು ವರ್ಷದ ಮಗಳು ಈ ಕೆಲಸದಲ್ಲಿ ಕೈಜೋಡಿಸಬಹುದೆ ಎಂದು ಕೇಳಿದ್ದೀರಿ. ಹನ್ನೊಂದು ವರ್ಷಗಳಿಂದ ಮೈಸೂರಿನ ನಮ್ಮ ಮನೆಯಲ್ಲಿ ಇದೇ ಘಟ್ಟದ ಒಂದು ತುಣುಕನ್ನು ಕಟ್ಟುತ್ತಾ ಬಂದಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಖಂಡಿತ ಸಾಧ್ಯ. ಆದರೆ ಘಟ್ಟವೆಂದೊಡನೆ ಹಳಿಯನ್ನು ಮೇಲಕ್ಕೇರಿಸುವ ಯೋಚನೆ ಬರುತ್ತದೆ. ಅದನ್ನು ಬಿಟ್ಟು, ಹಳಿಯ ಕೆಳಗಿನ ನೆಲವನ್ನು ಇಳಿಸುವ ದಾರಿ ಹುಡುಕಿ.

ಇದಕ್ಕೆ ಕಾರಣ ಲೆಕ್ಕದಲ್ಲಿಯೇ ಇದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟದ ಭಾಗ ಸುಮಾರು 55 ಕಿಲೋಮೀಟರ್; ಅದರಲ್ಲಿ 57 ಸುರಂಗಗಳಿದ್ದು, ಇಳಿಜಾರು 50ಕ್ಕೆ 1ರಷ್ಟಿದೆ. 1:87ರ ಪ್ರಮಾಣದಲ್ಲಿ, ಅಂದರೆ ನಿಜದ 87ರಲ್ಲಿ ಒಂದು ಭಾಗದಷ್ಟು ಚಿಕ್ಕದಾಗಿ, ಇಡೀ ಮಾರ್ಗ ಕಟ್ಟಹೊರಟರೆ 630 ಮೀಟರಿಗೂ ಹೆಚ್ಚು ಉದ್ದದ ಕೋಣೆ ಬೇಕಾಗುತ್ತದೆ. ಇಳಿಜಾರಿನ ಮಾತೂ ಹಾಗೆಯೇ. ಒಂದು ಹಳಿಯ ಮೇಲೆ ಇನ್ನೊಂದು ಹಳಿ ಹಾದುಹೋಗಬೇಕಾದರೆ ನಡುವೆ ಕನಿಷ್ಠ 75 ಮಿಲಿಮೀಟರ್ ಎತ್ತರ ಸಿಗಬೇಕು. 50ಕ್ಕೆ 1ರ ಏರಿನಲ್ಲಿ ಅಷ್ಟು ಮೇಲೇರಲು 3.75 ಮೀಟರ್ ಓಟ ಬೇಕು, ನಿಮ್ಮ ಮೇಜಿನ ಉದ್ದವೋ 2.4 ಮೀಟರ್. ಹೆಚ್ಚು ಕಡಿದಾಗಿ ಏರಿಸಿದರೆ ನಾಲ್ಕು ಬೋಗಿ ಎಳೆಯುವಷ್ಟರಲ್ಲಿ ಎಂಜಿನ್ನಿನ ಗಾಲಿ ಜಾರತೊಡಗುತ್ತದೆ. ಆದ್ದರಿಂದ ಹಳಿ ಸಮತಟ್ಟಾಗಿಯೇ ಇರಲಿ. ಇಡೀ ಮೇಜಿಗೆ ಒಂದೇ ಪ್ಲೈವುಡ್ ಹಲಗೆ ಹಾಸದೆ, ಮರದ ಪಟ್ಟಿಗಳ ತೆರೆದ ಚೌಕಟ್ಟು ಮಾಡಿಸಿ, ಹಳಿ ಹೋಗುವಷ್ಟು ಅಗಲದ ಪ್ಲೈವುಡ್ಡನ್ನು ಮಾತ್ರ ಅದರಿಂದ ಒಂದು ಅಡಿ ಎತ್ತರದಲ್ಲಿ ಸಣ್ಣ ಕಂಬಗಳ ಮೇಲೆ ನಿಲ್ಲಿಸಿ. ಆಗ ಹಳಿಯ ಒಂದು ಬದಿಯಲ್ಲಿ ನೆಲ ಕಣಿವೆಗೆ ಇಳಿಯುತ್ತದೆ, ಇನ್ನೊಂದು ಬದಿಯಲ್ಲಿ ಗುಡ್ಡ ಮೇಲೇಳುತ್ತದೆ. ಯಡಕುಮರಿಯ ಕಡೆ ರೈಲಿನ ಕಿಟಕಿಯಿಂದ ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಆ ಕಣಿವೆಯೇ ಹೊರತು ಹಳಿಯ ಏರಲ್ಲ.

ಮೂಲೆಯ ಜಾಗ ಎಂದಿರುವುದರಿಂದ ಒಂದು ಎಚ್ಚರಿಕೆ. ಎರಡು ಕಡೆ ಗೋಡೆಯಿದ್ದರೆ 4 ಅಡಿ ಆಳಕ್ಕೆ ಕೈ ಎಟುಕುವುದಿಲ್ಲ. ಎರಡೂವರೆ ಅಡಿಯೇ ಹೆಚ್ಚು. ಚೌಕಟ್ಟಿನ ಕಾಲುಗಳಿಗೆ ಗಟ್ಟಿಯಾದ ಚಕ್ರಗಳನ್ನು ಹಾಕಿಸಿದರೆ ಬೇಕಾದಾಗ ಹೊರಗೆಳೆಯಬಹುದು.

ಪ್ರಮಾಣದ ವಿಷಯದಲ್ಲಿ ನನ್ನ ಆಯ್ಕೆ ಎಚ್‌ಒ, ಅಂದರೆ 1:87. ಎನ್ ಪ್ರಮಾಣ 1:160ರಷ್ಟು ಚಿಕ್ಕದಾದ್ದರಿಂದ ಕಡಿಮೆ ಜಾಗದಲ್ಲಿ ಹೆಚ್ಚು ಗುಡ್ಡ ಹಿಡಿಸುತ್ತದೆ, ನಿಜ; ಆದರೆ ಭಾರತೀಯ ಬೋಗಿಗಳನ್ನು ಕೈಯಾರೆ ಮಾಡಿಕೊಳ್ಳುವವರಿಗೆ ಎಚ್‌ಒ ಸುಲಭ. ಇಲ್ಲಿ ಒಂದು ರಾಜಿಯೂ ಇದೆ. ನಮ್ಮ ಬ್ರಾಡ್‌ಗೇಜ್‌ನಲ್ಲಿ ಎರಡು ಹಳಿಗಳ ನಡುವಿನ ಅಂತರ 1,676 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 19 ಮಿಲಿಮೀಟರಿಗೂ ತುಸು ಹೆಚ್ಚು ಬರುತ್ತದೆ. ಅಂಗಡಿಯಲ್ಲಿ ಸಿಗುವ ಎಚ್‌ಒ ಹಳಿಯ ಅಗಲ 16.5 ಮಿಲಿಮೀಟರ್. ಎಂಜಿನ್ನನ್ನು ಎದುರಿನಿಂದ ನೋಡಿದರೆ ಈ ಕೊರತೆ ಕಾಣುತ್ತದೆ, ಪಕ್ಕದಿಂದ ಕಾಣುವುದಿಲ್ಲ. ಹೀಗಾಗಿ ನಾನು ಅದನ್ನು ಒಪ್ಪಿಕೊಂಡಿದ್ದೇನೆ. ಈ ಮಾರ್ಗ 1979ರಲ್ಲಿ ಮೀಟರ್‌ಗೇಜ್ ಆಗಿ ಆರಂಭವಾಗಿ, ಗೇಜ್ ಪರಿವರ್ತನೆಗೆಂದು 1996ರಲ್ಲಿ ಮುಚ್ಚಿತು. ಆ ಕಾಲವನ್ನೇ ಕಟ್ಟುವ ಮನಸ್ಸಿದ್ದರೆ 12 ಮಿಲಿಮೀಟರಿನ ಹಳಿ ಬೇಕು. ಬಹಳ ಚೆಲುವಾದ ಆಯ್ಕೆ ಅದು, ಆದರೆ ಎಲ್ಲವನ್ನೂ ಕೈಯಿಂದಲೇ ಮಾಡಿಕೊಳ್ಳಬೇಕಾಗುವುದರಿಂದ ಮೊದಲ ಪ್ರಯತ್ನಕ್ಕೆ ಅದನ್ನು ಸೂಚಿಸಲಾರೆ.

4 ಅಡಿ ಅಗಲದಲ್ಲಿ ಹಳಿಯನ್ನು ಸುತ್ತಿಸಿ ತರಬೇಕಾದರೆ ತಿರುವಿನ ತ್ರಿಜ್ಯ 22 ಇಂಚನ್ನು ದಾಟಲಾಗದು. ಸುಮಾರು 24.5 ಸೆಂಟಿಮೀಟರ್ ಉದ್ದದ ಬೋಗಿ ಆ ತಿರುವಿನಲ್ಲಿ ಓಡುತ್ತದೆ, ಆದರೆ ನೋಡಲು ಚೆನ್ನಾಗಿರುವುದಿಲ್ಲ. ಘಟ್ಟವನ್ನು ಆರಿಸಿಕೊಂಡದ್ದರ ಲಾಭ ಇಲ್ಲಿದೆ: ಎರಡೂ ತುದಿಯ ತಿರುವುಗಳನ್ನು ಗುಡ್ಡದೊಳಗೆ ಮುಚ್ಚಿಬಿಡಿ. ಒಂದು ಸುರಂಗದಿಂದ ಹೊರಬಂದ ರೈಲು ಸೇತುವೆ ದಾಟಿ ಇನ್ನೊಂದು ಸುರಂಗ ಹೊಕ್ಕಿತೆಂದರೆ, ಅದು ಈ ಮಾರ್ಗದಲ್ಲಿ ನಿತ್ಯ ಕಾಣುವ ದೃಶ್ಯವೇ. ಸುರಂಗದ ಬಾಯಿಯನ್ನು ಅಂಟಿಸುವ ಮೊದಲು, ನಿಮ್ಮಲ್ಲಿರುವ ಅತ್ಯಂತ ಉದ್ದದ ಬೋಗಿಯ ತುದಿಗೂ ನಡುವಿಗೂ ಪೆನ್ಸಿಲ್ ಕಟ್ಟಿ, ತಿರುವಿನಲ್ಲಿ ನಿಧಾನವಾಗಿ ತಳ್ಳಿ. ತುದಿ ಹೊರಕ್ಕೂ ನಡುಭಾಗ ಒಳಕ್ಕೂ ಚಾಚುವುದರಿಂದ ಪ್ಲೈವುಡ್ಡಿನ ಮೇಲೆ ಎರಡು ಗೆರೆ ಮೂಡುತ್ತವೆ. ಸುರಂಗದ ಗೋಡೆ ಆ ಗೆರೆಗಳಿಂದ ಆಚೆಗಿರಬೇಕು. ಗುಡ್ಡದ ಹಿಂಬದಿಯನ್ನು ಮುಚ್ಚದೆ ಬಿಡುವುದನ್ನೂ ಮರೆಯಬೇಡಿ. ಹಳಿ ತಪ್ಪಿದ ಬೋಗಿಯನ್ನು ಎತ್ತಲು ಕೈ ಒಳಗೆ ಹೋಗಲೇಬೇಕು.

ಗುಡ್ಡಕ್ಕೆ ಥರ್ಮಾಕೋಲ್ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಕೊರೆಯುವುದು ಅಗ್ಗದ ದಾರಿ. ನನ್ನ ಮೊದಲ ಗುಡ್ಡ ನಾಲ್ಕು ವಾರಗಳ ಕೆಲಸವಾಗಿತ್ತು. ಬಂಡೆಯ ಬಣ್ಣ ಬರಲೆಂದು ಡಬ್ಬಿಯ ಸ್ಪ್ರೇ ಬಣ್ಣವನ್ನು ನೇರವಾಗಿ ಅದರ ಮೇಲೆ ಹೊಡೆದೆ. ಕಣ್ಣೆದುರಿಗೇ ಮೇಲ್ಮೈ ಸಣ್ಣಗೆ ಚುರುಗುಟ್ಟುತ್ತಾ ಗುಳಿಬಿದ್ದು, ಸುರಂಗದ ಮೇಲಿನ ಭಾಗ ಜೇನುಹುಟ್ಟಿನಂತಾಯಿತು. ಆ ಬಣ್ಣದಲ್ಲಿರುವ ದ್ರಾವಕ ಥರ್ಮಾಕೋಲನ್ನು ಕರಗಿಸುತ್ತದೆ. ಹಲವು ಬಗೆಯ ರಬ್ಬರ್ ಅಂಟುಗಳೂ ಹಾಗೆಯೇ ಮಾಡುತ್ತವೆ. ಹಾಗಾಗಿ ಅಂಟಿಗೆ ಫೆವಿಕಾಲ್ ಬಳಸಿ. ಅದರ ಮೇಲೆ ತೆಳುವಾದ ಹತ್ತಿಬಟ್ಟೆಯ ತುಂಡುಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅದ್ದಿ ಹೊದಿಸಿ, ಪೂರ್ತಿ ಒಣಗಿದ ಮೇಲೆ ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣವನ್ನಷ್ಟೇ ಹಚ್ಚಿ.

ನೆಲದ ಮೇಲ್ಪದರಕ್ಕೆ ಮಲೆನಾಡಿನ ಮಣ್ಣನ್ನೇ ಬಳಸುವುದು ನನಗೆ ಅತ್ಯಂತ ಪ್ರಿಯವಾದ ಕೆಲಸ. ಹಿಡಿ ಮಣ್ಣನ್ನು ಹಳೆಯ ಬಾಣಲೆಯಲ್ಲಿ ಚೆನ್ನಾಗಿ ಹುರಿದು, ಟೀ ಸೋಸುವ ಜಾಲರಿಯಲ್ಲೂ ಬಳಿಕ ಬಟ್ಟೆಯಲ್ಲೂ ಜರಡಿ ಹಿಡಿಯಿರಿ. ಕಾಗದ ಸುತ್ತಿದ ಅಯಸ್ಕಾಂತವನ್ನು ಅದರಲ್ಲಿ ಎರಡು ಮೂರು ಬಾರಿ ಆಡಿಸಿದರೆ ಕಬ್ಬಿಣದ ಕಣಗಳು ಹೊರಬರುತ್ತವೆ. ಅವು ಉಳಿದರೆ ಎಂಜಿನ್ನಿನ ಮೋಟಾರಿಗೆ ಅಂಟಿಕೊಂಡು ಅದನ್ನು ಹಾಳುಮಾಡುತ್ತವೆ. ಹಳಿಯ ಜಲ್ಲಿಗೂ ಇದೇ ಕ್ರಮ. ಐದು ಸೆಂಟಿಮೀಟರಿನ ಜಲ್ಲಿಕಲ್ಲು ಈ ಪ್ರಮಾಣದಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ದೊಡ್ಡದಷ್ಟೆ, ಆದ್ದರಿಂದ ಸಣ್ಣ ಮರಳೇ ಸಾಕು. ಒಣ ಮರಳನ್ನು ಮೆದು ಕುಂಚದಿಂದ ಸ್ಲೀಪರುಗಳ ನಡುವೆ ಹರಡಿ, ಪಾತ್ರೆ ತೊಳೆಯುವ ಸೋಪಿನ ಒಂದೆರಡು ಹನಿ ಬೆರೆಸಿದ ನೀರನ್ನು ಮಂಜಿನಂತೆ ಸಿಂಪಡಿಸಿ, ಅನಂತರ ಅರ್ಧಕ್ಕರ್ಧ ನೀರು ಸೇರಿಸಿದ ಫೆವಿಕಾಲನ್ನು ಸಿರಿಂಜಿನಿಂದ ಹನಿ ಹನಿಯಾಗಿ ಬಿಡಿ. ಸೋಪಿಲ್ಲದಿದ್ದರೆ ಅಂಟು ಒಳಗಿಳಿಯದೆ ಮುತ್ತಿನಂತೆ ಮೇಲೆಯೇ ನಿಲ್ಲುತ್ತದೆ. ಮರುದಿನ ಬಿಳಿ ಮಾಯವಾಗಿ ಜಲ್ಲಿ ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ಸ್‌ನ ಚಲಿಸುವ ಭಾಗದ ಬಳಿ ಮಾತ್ರ ಒಂದು ಹನಿಯೂ ಬೀಳಬಾರದು.

ಮರಗಳ ಎತ್ತರದಲ್ಲಿ ಬಹುತೇಕರು ಎಡವುತ್ತಾರೆ. ಘಟ್ಟದ ಕಾಡಿನಲ್ಲಿ 30 ಮೀಟರಿನ ಮರ ಸಾಮಾನ್ಯ. 1:87ರಲ್ಲಿ ಅದು 34 ಸೆಂಟಿಮೀಟರ್ ಆಗುತ್ತದೆ, ಅಂಗಡಿಯ ಮರ ಅದರ ಅರ್ಧವೂ ಇರುವುದಿಲ್ಲ. ಹಳಿಯ ಪಕ್ಕದ ಏಳೆಂಟು ಮರಗಳನ್ನಾದರೂ ಸರಿಯಾದ ಎತ್ತರಕ್ಕೆ ಮಾಡಿ, ಹಿಂದಕ್ಕೆ ಹೋದಂತೆ ಚಿಕ್ಕದಾಗಿಸಿ. ಎಳೆಗಳಿರುವ ತಾಮ್ರದ ವಿದ್ಯುತ್ ತಂತಿಯ ಹೊದಿಕೆ ಸುಲಿದು, ಬುಡವನ್ನು ಹುರಿಗಟ್ಟಿ, ತುದಿಯ ಎಳೆಗಳನ್ನು ಕೊಂಬೆಗಳಂತೆ ಬಿಡಿಸಿದರೆ ಕಾಂಡ ಸಿದ್ಧ. ಎಲೆಗೆ ಹಳೆಯ ಸ್ಪಂಜನ್ನು ಮಿಕ್ಸಿಯಲ್ಲಿ ನೀರು ಹಾಕಿ ಪುಡಿಮಾಡಿ, ಮೂರು ನಾಲ್ಕು ಬಗೆಯ ಹಸಿರು ಬಣ್ಣ ಬೆರೆಸಿ ಒಣಗಿಸಿ. ಮಳೆಗಾಲದ ಘಟ್ಟವೆಂದರೆ ಒಂದೇ ಹಸಿರಲ್ಲ.

ವಿದ್ಯುತ್ತಿನ ಕೆಲಸ ನಿಮ್ಮ ವಿನ್ಯಾಸಕ್ಕೆ ಸರಳ: ಒಂದೇ ಸುತ್ತಾದ್ದರಿಂದ 12 ವೋಲ್ಟಿನ ಸಾದಾ ನಿಯಂತ್ರಕ ಸಾಕು. ಹಳಿಯ ಕೀಲುಗಳನ್ನೇ ನಂಬದೆ ಪ್ರತಿ ಮೂರು ಅಡಿಗೊಮ್ಮೆ ತಂತಿ ಬೆಸೆದು ವಿದ್ಯುತ್ ಕೊಡಿ.

ಹಳಿ ಕೊಳ್ಳುವ ಮೊದಲು ಒಮ್ಮೆ ಹಗಲಿನ ರೈಲಿನಲ್ಲಿ ಘಟ್ಟ ಇಳಿದು, ಒಂದೇ ಒಂದು ಸೇತುವೆಯನ್ನೂ ಒಂದು ಸುರಂಗದ ಬಾಯಿಯನ್ನೂ ಆರಿಸಿಕೊಂಡು, ಬೋಗಿಯೊಳಗಿನಿಂದಲೇ ಚಿತ್ರ ತೆಗೆದುಕೊಳ್ಳಿ. ಹಳಿಯ ಮೇಲೆ ನಡೆದು ನೋಡುವುದು ನಿಷಿದ್ಧ, ಅಪಾಯವೂ ಹೌದು. ಸುರಂಗದ ಕಲ್ಲಿನಲ್ಲಿ ಪಾಚಿ ಎಲ್ಲಿ ಹಿಡಿದಿದೆ, ನೀರು ಯಾವ ಬದಿಯಿಂದ ಜಿನುಗುತ್ತದೆ ಎಂಬುದನ್ನು ಮಗಳಿಗೆ ಪುಸ್ತಕದಲ್ಲಿ ಬರೆದಿಡಲು ಹೇಳಿ; ಬಣ್ಣ ಹಚ್ಚುವಾಗ ನಿಮಗೆ ಬೇಕಾಗುವುದು ಅದೇ. ಮಣ್ಣಿನ ಜರಡಿ, ಸ್ಪಂಜಿನ ಬಣ್ಣ, ಮರ ಕಟ್ಟುವುದು, ಜಲ್ಲಿ ಹರಡುವುದು ಇವೆಲ್ಲವೂ ಅವಳು ಮಾಡಬಹುದಾದ ಕೆಲಸಗಳೇ. ಬ್ಲೇಡು, ಬೆಸುಗೆ ಮತ್ತು ಥರ್ಮಾಕೋಲ್ ಕೊರೆಯುವ ಕಾಯ್ದ ತಂತಿ ನಿಮ್ಮ ಕೈಯಲ್ಲೇ ಇರಲಿ. ತಂತಿ ಬಳಸುವಾಗ ಹೊಗೆಯೇಳುವುದರಿಂದ ಕಿಟಕಿಗಳನ್ನೆಲ್ಲ ತೆರೆದು, ಅಷ್ಟು ಹೊತ್ತು ಅವಳನ್ನು ಬೇರೆ ಕೋಣೆಯಲ್ಲಿರಿಸಿ.