ವರದಿಯಿಂದ ಕಪ್ಪುಹಲಗೆಗೆ

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯ ಶಿಕ್ಷಕಿ. ಈ ವರ್ಷ ಬಂದ ಇಬ್ಬರು ಹೊಸ ಶಿಕ್ಷಕರು ತರಬೇತಿಯಲ್ಲಿ ಕೇಳಿದ ಸಂಶೋಧನೆಗಳ ಬಗ್ಗೆ ಉತ್ಸಾಹದಿಂದ ಮಾತನಾಡುತ್ತಾರೆ. ಪಾಠ ಮಾತ್ರ ತಾವು ಬಾಲ್ಯದಲ್ಲಿ ಕೇಳಿದ ರೀತಿಯಲ್ಲೇ ಮಾಡುತ್ತಾರೆ. ಅವರಿಗೆ ಹೇಗೆ ನೆರವಾಗಲಿ?
– ಓದುಗರೊಬ್ಬರು, ಪೊನ್ನಂಪೇಟೆ

ಉತ್ತರ: ಅವರ ಕೈಗೆ ಇನ್ನೊಂದು ವರದಿ ಕೊಡಬೇಡಿ, ತರಗತಿಯಲ್ಲಿ ಅವರನ್ನು ಕಾಡುತ್ತಿರುವ ಒಂದು ತೊಡಕನ್ನು ಅವರಿಂದಲೇ ಹೇಳಿಸಿ. ಮಳೆ ರಜೆ ಮುಗಿಸಿ ಬಂದ ಮಕ್ಕಳಿಗೆ ಹಿಂದಿನ ಪಾಠ ನೆನಪಿರುವುದಿಲ್ಲ ಎಂಬುದು ಜುಲೈ ತಿಂಗಳಲ್ಲಿ ಕೊಡಗಿನ ಶಿಕ್ಷಕರೆಲ್ಲರ ದೂರು. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಓದಲು ಕೊಟ್ಟು, ಒಂದನ್ನು ಮತ್ತೆ ಓದಿಸಿದರು, ಇನ್ನೊಂದನ್ನು ನೋಡದೆ ನೆನಪಿನಿಂದ ಬರೆಸಿದರು. ಐದು ನಿಮಿಷದ ನಂತರ ನೋಡಿದಾಗ ಮತ್ತೆ ಓದಿದ್ದೇ ಹೆಚ್ಚು ನೆನಪಿತ್ತು. ಆದರೆ ವಾರ ಕಳೆದ ಮೇಲೆ ಮತ್ತೆ ಓದಿದ ಭಾಗದಲ್ಲಿ ಸುಮಾರು ಶೇ 42ರಷ್ಟು, ನೆನಪಿನಿಂದ ಬರೆದ ಭಾಗದಲ್ಲಿ ಶೇ 56ರಷ್ಟು ಉಳಿದಿತ್ತು.

ಇದನ್ನು ತರಗತಿಗೆ ಇಳಿಸುವುದಕ್ಕೆ ಹೆಚ್ಚಿನ ಸಿದ್ಧತೆ ಬೇಡ. ಸೋಮವಾರ ಹೊಸ ಪಾಠಕ್ಕೆ ಮುನ್ನ, ‘ಬೀಜ ಮೊಳೆಯಲು ಏನೇನು ಬೇಕು?’ ಎಂಬಂಥ, ಹಿಂದಿನ ವಾರದ ಮೂರು ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದು, ಪುಸ್ತಕ ಮುಚ್ಚಿಸಿ, ಉತ್ತರ ಬರೆಸಲಿ. ಅಂಕ ಬೇಡ. ಸರಿ ಉತ್ತರವನ್ನು ಆಗಲೇ ಹೇಳಿಬಿಟ್ಟು, ಎಷ್ಟು ಮಕ್ಕಳು ಸರಿಯಾಗಿ ಬರೆದರೆಂಬುದನ್ನು ಪಾಠ ಯೋಜನೆಯ ಅಂಚಿನಲ್ಲಿ ಗುರುತಿಸಿಕೊಳ್ಳಲಿ.

ಪ್ರಯೋಗಕ್ಕೆ ಒಳಗಾದವರು ಓದುಬರಹ ಚೆನ್ನಾಗಿ ಬಲ್ಲ ಯುವಜನರು ಎಂಬುದನ್ನೂ ಹೊಸಬರಿಗೆ ಮರೆಯದೆ ತಿಳಿಸಿ. ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ, ಮನೆಯಲ್ಲಿ ಯರವ ಭಾಷೆಯಾಡುವ ಮಗು ಹಾಳೆ ಖಾಲಿ ಬಿಟ್ಟರೆ ಅದು ಮರೆವೇ ಆಗಿರಬೇಕಿಲ್ಲ, ಕನ್ನಡದಲ್ಲಿ ಬರೆಯುವುದೇ ಅದಕ್ಕೆ ಕಷ್ಟವಾಗಿರಬಹುದು. ಅಂಥ ಮಗು ಬಾಯಲ್ಲಿ ಹೇಳಲಿ ಅಥವಾ ಚಿತ್ರ ಬಿಡಿಸಲಿ.

ತರಬೇತಿಯಲ್ಲಿ ಕೇಳಿದ್ದೆಲ್ಲ ಸಂಶೋಧನೆಯಲ್ಲ ಎಂಬುದೂ ಅವರಿಗೆ ತಿಳಿದಿರಲಿ. ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು ಎಂದು ಮಕ್ಕಳನ್ನು ವಿಂಗಡಿಸಿ ಅದರಂತೆ ಪಾಠ ಮಾಡುವುದಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದು 2008ರಲ್ಲೇ ಮನಶ್ಶಾಸ್ತ್ರಜ್ಞ ಪ್ಯಾಶ್ಲರ್ ಮತ್ತು ಸಂಗಡಿಗರ ವಿಮರ್ಶೆ ಹೇಳಿತ್ತು. (ಆ ವಿಂಗಡಣೆಯನ್ನು ನಂಬಿ ರಾತ್ರಿಯೆಲ್ಲ ಕುಳಿತು ಚಾರ್ಟು ಬರೆದವರಲ್ಲಿ ನಾನೂ ಒಬ್ಬ.)

ನೀವು ವಾರಕ್ಕೊಮ್ಮೆ ತಪಾಸಣೆಯ ಪುಸ್ತಕವಿಲ್ಲದೆ ಹಿಂದಿನ ಬೆಂಚಿನಲ್ಲಿ ಕುಳಿತು, ಸಂಜೆ ಐದು ನಿಮಿಷ ಅವರೊಡನೆ ಮಾತನಾಡಿ. ಇದನ್ನು ಕ್ರಿಯಾ ಸಂಶೋಧನೆಯೆಂದು (ಶಿಕ್ಷಕರು ತಮ್ಮ ತರಗತಿಯ ತೊಡಕಿನ ಮೇಲೆ ತಾವೇ ನಡೆಸುವ ಅಧ್ಯಯನ) ಬರೆಸಿ ಕೂಡಿಗೆಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ (ಡಯಟ್) ಕಳುಹಿಸುವ ಆತುರ ಬೇಡ. ಒಂದೆರಡು ತಿಂಗಳ ಎಣಿಕೆ ಕೈಯಲ್ಲಿದ್ದಾಗ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಅವರೇ ಎದ್ದು ಹೇಳಲಿ. ಎಣಿಕೆ ಏರದೆ ಇದ್ದರೆ ಅದನ್ನೂ ಹೇಳಲಿ.